ಮದ್ದಿನ ಚೀಲ, ದುಡ್ಡಿನ ಚೀಲ: ಮೊದಲ ಪರದೇಶ ಪ್ರಯಾಣಕ್ಕೆ ಮುನ್ನ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದರು ನಮ್ಮ ಹಿರಿಯರು. ಆದರೆ ಸುತ್ತಲು ಹೊರಡುವಾಗ ಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಹೇಳದೇ ಹೋದರು. ಅವರ ಕಾಲಕ್ಕೆ ಒಂದು ಬುತ್ತಿಗಂಟು, ಒಂದು ತಂಬಿಗೆ, ಸೊಂಟದಲ್ಲಿ ನಾಲ್ಕು ಕಾಸು ಇದ್ದರೆ ಕಾಶಿಯ ತನಕ ನಡೆದುಬಿಡುತ್ತಿತ್ತೇನೋ!

ಈ ಸಲ ನಮ್ಮ ಸಂಘದ ವಾರ್ಷಿಕೋತ್ಸವದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಒಬ್ಬ ಹುಡುಗಿ ಕುಳಿತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಕನ್ನಡದ ನಡುವೆ ಮರಾಠಿ, ಹಿಂದಿ, ಇಂಗ್ಲಿಷು ಧಾರಾಳವಾಗಿ ಬೆರೆಯುತ್ತಿದ್ದರೂ ಕೇಳಲು ಮುದ್ದಾಗಿತ್ತು. "ಆಂಟಿ, ಬರೋ ತಿಂಗಳು ಫಸ್ಟ್ ಟೈಮ್ ಫಾರಿನ್‌ಗೆ ಹೋಗ್ತಾ ಇದ್ದೀನಿ. ನಿಮ್ಮ ಮಗ ಹೋಗಿ ಬಂದಿದ್ದಾನಲ್ಲ, ಏನೇನು ಬೇಕು ಅಂತ ಒಂದು ಲಿಸ್ಟ್ ಮಾಡಿ ಕೊಡ್ತೀರಾ?" ಎಂದಳು. ಕೋಸಂಬರಿ ಬಡಿಸುವಾಗ ಶುರುವಾದ ನನ್ನ ಪಟ್ಟಿ ಮಜ್ಜಿಗೆ ಬರುವ ಹೊತ್ತಿಗೂ ಮುಗಿದಿರಲಿಲ್ಲ. ಪಾಪ, ಅವಳು ಎಲ್ಲವನ್ನೂ ಎಡಗೈಯಲ್ಲಿ ಮೊಬೈಲಿನಲ್ಲಿ ಬರೆದುಕೊಂಡಳು.

ಮನೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಷ್ಟುದ್ದದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಕಾರಣ, ಅದು ನನ್ನದೇ ತಪ್ಪಿನ ಕಥೆ. ಎಳೆಯ ಮಿತ್ರರೇ, ಅದನ್ನೇ ಇಂದು ಮೊದಲು ಹೇಳಿ ಆಮೇಲೆ ಪಟ್ಟಿಗೆ ಬರುತ್ತೇನೆ.

ಚಕ್ಕುಲಿ ಕರಿಯುತ್ತಾ ಕೊಟ್ಟ ಸಲಹೆ

ಅದು 2018ರ ಜನವರಿ. ನನ್ನ ಮಗನಿಗೆ ಆಗ ಇಪ್ಪತ್ತನಾಲ್ಕು. ಆರು ವಾರಗಳ ತರಬೇತಿಗೆಂದು ಕಂಪನಿಯವರು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿಗೆ ಕಳಿಸುತ್ತಿದ್ದರು. ನಮ್ಮ ಮನೆಯಿಂದ ಸಮುದ್ರ ದಾಟುವ ಮೊದಲನೆಯವನು ಅವನೇ. ನಮ್ಮ ಸಂಭ್ರಮ ಕೇಳಬೇಕೆ? ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು, ಯಜಮಾನರು ಭೂಪಟ ತಂದು ಗೋಡೆಗೆ ತೂಗುಹಾಕಿದರು, ನಾನು ಬಾಣಲೆ ಒಲೆಯ ಮೇಲಿಟ್ಟೆ.

ಟಿಕೆಟ್ಟು, ಬಿಡಾರ ಕಂಪನಿಯದು. ವೀಸಾ ಮತ್ತು ವಿಮೆ ನಾವೇ ಮಾಡಿಸಬೇಕಿತ್ತು. ವಿಮೆಯ ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮಗೆ ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ? ಮಗನಿಗೆ ಚಿಕ್ಕಂದಿನಿಂದ ಉಬ್ಬಸ. ಬೆಳೆದಂತೆ ಬಹಳ ಕಡಿಮೆಯಾಗಿತ್ತು, ಆದರೂ ಚಳಿ ಬಿದ್ದಾಗ ಎದೆ ಸುಂಯ್‌ಗುಡುತ್ತಿತ್ತು. ಪಂಪು ಯಾವಾಗಲೂ ಜೇಬಿನಲ್ಲಿ ಇರುತ್ತಿತ್ತು. "ಅಮ್ಮಾ, ಇಲ್ಲಿ ಅಸ್ತಮಾ ಅಂತ ಬರೀಲಾ?" ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ನಾನು ಚಕ್ಕುಲಿಯ ಮೇಲೇ ಕಣ್ಣಿಟ್ಟುಕೊಂಡು, "ಇಲ್ಲ ಅಂತ ಬರೆದುಬಿಡು ಕಣೋ. ಸುಮ್ಮನೆ ಪ್ರೀಮಿಯಂ ಜಾಸ್ತಿ ಮಾಡ್ತಾರೆ. ಈಗೆಲ್ಲಿದೆ ನಿನಗೆ ಉಬ್ಬಸ? ನಾಳೆ ಹೆಣ್ಣು ಕೊಡೋರ ಕಿವಿಗೆ ಬಿದ್ದರೆ ಅದೊಂದು ಬೇರೆ" ಅಂದೆ. ಇಂಗ್ಲಿಷ್ ಬಿ.ಎ. ಓದಿದವಳು ನಾನು. ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಷರತ್ತುಗಳನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಕಷ್ಟವೇನೂ ಇರಲಿಲ್ಲ. ಓದಲಿಲ್ಲ, ಅಷ್ಟೆ.

ಇನ್ನೊಂದು ತಪ್ಪನ್ನೂ ಮಾಡಿದೆ. ಅವನ ಎರಡೂ ಪಂಪುಗಳನ್ನು ಕಳೆದುಹೋಗದಿರಲೆಂದು ಕರವಸ್ತ್ರದಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ತಳದಲ್ಲಿ ಇಟ್ಟೆ. ನಡುವೆ ವಿಮಾನ ಬದಲಿಸುವಲ್ಲಿ ಆ ಸೂಟ್‌ಕೇಸು ಹಿಂದೆ ಉಳಿಯಿತು. ಮಗ ಶನಿವಾರ ಮುಟ್ಟಿದ, ಸಾಮಾನು ಬರಲಿಲ್ಲ. ಮರುದಿನ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸರದಿಯ ಮೇಲೆ ತೆರೆದಿರುವ ಔಷಧದಂಗಡಿ ಸಿಕ್ಕರೂ ವೈದ್ಯರ ಚೀಟಿಯಿಲ್ಲದೆ ಪಂಪು ಕೊಡುವುದಿಲ್ಲ. ಹೊರಗೆ ಕೊರೆಯುವ ಚಳಿ. ರಾತ್ರಿ ಹನ್ನೊಂದರ ಹೊತ್ತಿಗೆ ಅವನಿಗೆ ಉಸಿರು ಹಿಡಿದುಕೊಂಡಿತು. ಬಿಡಾರದ ಯಜಮಾನಿ, ಭಾಷೆ ಬಾರದ ಆ ತಾಯಿ, 112ಕ್ಕೆ ಫೋನು ಮಾಡಿ ಅಂಬ್ಯುಲೆನ್ಸ್ ಕರೆಸಿದಳು. ಆಪತ್ತಿಗಾದವಳೇ ನೆಂಟಳು. ಅವಳ ಹೆಸರನ್ನು ನಾನು ಇಂದಿಗೂ ದೇವರ ಮುಂದೆ ನೆನೆಯುತ್ತೇನೆ.

ಒಂದು ರಾತ್ರಿ ಆಸ್ಪತ್ರೆ. ಜೀವಕ್ಕೆ ಏನೂ ಆಗಲಿಲ್ಲ. ಎರಡು ವಾರದ ನಂತರ ಅಂಚೆಯಲ್ಲಿ ಬಿಲ್ಲು ಬಂತು: 1,140 ಯೂರೋ. ಆಗಿನ ಲೆಕ್ಕದಲ್ಲಿ ಎಂಬತ್ತೊಂಬತ್ತು ಸಾವಿರ ರೂಪಾಯಿಯ ಹತ್ತಿರ. ವಿಮೆಯವರು ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ ಎಂದು ಹಣ ಕೊಡಲು ನಿರಾಕರಿಸಿದರು. ಅವರನ್ನು ದೂರಿ ಏನು ಫಲ? ಮುಚ್ಚಿಟ್ಟದ್ದು ನಿಜವೇ ತಾನೆ.

ಇದಾವುದೂ ನಮಗೆ ಗೊತ್ತೇ ಇರಲಿಲ್ಲ. ಫೋನು ಮಾಡಿದಾಗಲೆಲ್ಲ "ಚೆನ್ನಾಗಿದ್ದೀನಮ್ಮಾ, ಊಟ ಆಯ್ತು" ಎಂದೇ ಹೇಳುತ್ತಿದ್ದ. ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ ಅಟ್ಟಕ್ಕೆ ಹಾಕಲೆಂದು ಅದೇ ಸೂಟ್‌ಕೇಸು ತೆಗೆದೆ, ಒಳಗಿನ ಜೇಬಿನಲ್ಲಿ ಆ ಕಾಗದಗಳು ಸಿಕ್ಕವು. ಕೈಯಲ್ಲಿದ್ದ ದಿನಭತ್ಯದ ಹಣವನ್ನೆಲ್ಲ ಬಿಲ್ಲಿಗೆ ಕೊಟ್ಟು, ಸಾಲದ್ದನ್ನು ಸಹೋದ್ಯೋಗಿಯಿಂದ ಕೈಗಡ ತಂದು, ಉಳಿದ ನಾಲ್ಕು ವಾರ ಹುಡುಗ ಬ್ರೆಡ್ಡು, ಬಾಳೆಹಣ್ಣು ಮತ್ತು ನನ್ನ ಚಕ್ಕುಲಿಯಲ್ಲಿ ಕಳೆದಿದ್ದ. "ಯಾಕೋ ಹೇಳಲಿಲ್ಲ?" ಎಂದರೆ, "ಹೇಳಿದ್ರೆ ನೀನು ನಿದ್ದೆ ಬಿಡ್ತಿದ್ದೆ. ಅಲ್ಲದೆ ಹಾಗೆ ಬರಿ ಅಂದೋಳು ನೀನೇ ಅಂತ ನಿನಗೆ ಬೇಜಾರಾಗಬಾರದು ಅಂತ" ಎಂದ. ಆ ದಿನ ಬೇವು ಬೆಲ್ಲದಲ್ಲಿ ನನ್ನ ಪಾಲಿಗೆ ಬೇವೇ ಹೆಚ್ಚು ಬಂತು.

ಇಷ್ಟು ಹೇಳಿದ ಮೇಲೆ ಪಟ್ಟಿಗೆ ಬರಲು ನನಗೆ ಧೈರ್ಯ ಬಂತು.

ಹೊರಡುವ ಆರು ವಾರ ಮೊದಲು

ಮೊದಲ ಕೆಲಸ ನಿಮ್ಮ ಮನೆಯ ವೈದ್ಯರ ಭೇಟಿ. ಟಿಕೆಟ್ಟು ಕೈಗೆ ಬಂದ ಮೇಲೆ ಅಂಗಡಿ ಸುತ್ತಲು ಓಡಬೇಡಿ. ನಾಲ್ಕರಿಂದ ಆರು ವಾರ ಮುಂಚೆ ಹೋಗಿ, ಯಾವ ದೇಶ, ಎಷ್ಟು ದಿನ ಎಂದು ಹೇಳಿ, ಯಾವ ಚುಚ್ಚುಮದ್ದು ಬೇಕೆಂದು ಕೇಳಿ. ಚುಚ್ಚುಮದ್ದು ಮೈಯಲ್ಲಿ ಕೆಲಸ ಮಾಡಲು ಸಮಯ ಬೇಕು. ಕೆಲವಕ್ಕೆ ಎರಡನೆಯ ಸಲವೂ ಹೋಗಬೇಕಾಗುತ್ತದೆ.

ಆಫ್ರಿಕದ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಲೇಬೇಕು. ನಮ್ಮ ಮುಂಬಯಿಯಿಂದ ಕೆನ್ಯಾಕ್ಕೆ ಆನೆ, ಸಿಂಹ ನೋಡಲು ಹೋಗುವವರು ಬಹಳ ಮಂದಿ. ಅವರಿಗೂ ಇದು ಅನ್ವಯಿಸುತ್ತದೆ. ಸರಕಾರ ಅಧಿಕಾರ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಆಗ ಸಿಗುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಹಿಂದೆ ಅದಕ್ಕೆ ಹತ್ತು ವರ್ಷದ ಅವಧಿ ಇತ್ತು, 2016ರಿಂದ ಜೀವಮಾನಕ್ಕೆಲ್ಲ ಒಂದೇ ಸಾಕು. ಅದಿಲ್ಲದೆ ಅಂಥ ದೇಶದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳ ತನಕ ಪ್ರತ್ಯೇಕವಾಗಿ ಇರಿಸುತ್ತಾರೆ. ಮನೆಯ ಬಾಗಿಲಿಗೆ ಬಂದು ಒಳಗೆ ಬರಲಾಗದಂಥ ಪಾಡು!

ಓದಲು ಹೋಗುವವರು ವಿಶ್ವವಿದ್ಯಾಲಯದ ಪತ್ರವನ್ನು ಸರಿಯಾಗಿ ಓದಿರಿ. ಅಮೆರಿಕದ ಅನೇಕ ವಿದ್ಯಾಲಯಗಳು ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಚುಚ್ಚುಮದ್ದು ಎರಡು ಸಲ ಆಗಿದೆಯೆಂಬ ದಾಖಲೆ ಕೇಳುತ್ತವೆ. ಅಮ್ಮನ ಟ್ರಂಕಿನ ತಳದಲ್ಲಿ ನಿಮ್ಮ ಬಾಲ್ಯದ ಲಸಿಕೆಯ ಕಾರ್ಡು ಇರಬಹುದು, ಈಗಲೇ ಹುಡುಕಿಸಿ.

ಮರೆಯಬಾರದ ಇನ್ನೊಂದು, ಹಲ್ಲು. ಪರದೇಶದಲ್ಲಿ ಹಲ್ಲಿನ ವೈದ್ಯರ ಖರ್ಚು ಹಲ್ಲುನೋವಿಗಿಂತ ಹೆಚ್ಚು ನೋಯಿಸುತ್ತದೆ. ಪ್ರಯಾಣ ವಿಮೆಗಳಲ್ಲಿ ಹಲ್ಲಿಗೆ ಸಿಗುವುದು ಅತ್ಯಲ್ಪ. ಹುಳುಕಿದ್ದರೆ ಇಲ್ಲೇ ತುಂಬಿಸಿಕೊಂಡು ಹೋಗಿ. ಕನ್ನಡಕ ಹಾಕುವವರು ಎರಡನೆಯ ಜೋಡಿಯನ್ನೂ ಕಣ್ಣಿನ ಚೀಟಿಯನ್ನೂ ಇಟ್ಟುಕೊಳ್ಳಿ.

ಮದ್ದಿನ ಚೀಲ

ಇದು ಎಂದೆಂದಿಗೂ ಕೈಚೀಲದಲ್ಲಿ, ನಿಮ್ಮ ಜೊತೆಯಲ್ಲೇ ಇರಬೇಕು. ಉಬ್ಬಸದ ಪಂಪು, ಇನ್ಸುಲಿನ್, ರಕ್ತದೊತ್ತಡ, ಥೈರಾಯ್ಡ್ ಅಥವಾ ಅಪಸ್ಮಾರದ ಮಾತ್ರೆ, ಹೀಗೆ ದಿನವೂ ಬೇಕಾದುದು ಯಾವುದೇ ಇರಲಿ, ಒಂದನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಸಾಮಾನು ಇಡುವ ಕಡೆ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಲೂಬಹುದು.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಅಂಗಡಿಯಿಂದ ಬಂದ ಪಟ್ಟಿಯಲ್ಲೇ ಇಡಿ. ವೈದ್ಯರ ಚೀಟಿ ಟೈಪು ಮಾಡಿದ್ದಿರಲಿ. ಅದರಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ನಮ್ಮ ಡೋಲೋ, ಕ್ರೋಸಿನ್ ಹೆಸರು ಹೇಳಿದರೆ ನ್ಯೂಯಾರ್ಕಿನ ಅಂಗಡಿಯವನು ಕಣ್ಣುಕಣ್ಣು ಬಿಡುತ್ತಾನೆ. ಪ್ಯಾರಸಿಟಮಾಲ್ ಎಂದರೂ ಅಲ್ಲಿ ತಿಳಿಯದೇ ಹೋಗಬಹುದು, ಅದಕ್ಕೆ ಅಮೆರಿಕದವರ ಹೆಸರು ಅಸೆಟಮಿನೋಫೆನ್. ನಮ್ಮಲ್ಲಿ ನೋವಿಗೆಂದು ಸಲೀಸಾಗಿ ನುಂಗುವ ನಿಮೆಸುಲೈಡ್ ಅಮೆರಿಕ, ಬ್ರಿಟನ್‌ಗಳಲ್ಲಿ ಮಾರಾಟದಲ್ಲೇ ಇಲ್ಲ. ಅಲ್ಲಿ ಆಂಟಿಬಯಾಟಿಕ್ ಬೇಕೆಂದು ಅಂಗಡಿಗೆ ಹೋಗಿ ಕೇಳಿದರೆ ವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ.

ಕೆಲವು ದೇಶಗಳ ಕಾನೂನು ಬಹಳ ಬಿಗಿ. ಕೊಡೀನ್ ಇರುವ ಕೆಮ್ಮಿನ ಔಷಧ, ನಿದ್ದೆ ಮಾತ್ರೆ, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆ ಇವನ್ನು ದುಬೈ, ಅಬುಧಾಬಿಗಳಿಗೆ ಒಯ್ಯಬೇಕಿದ್ದರೆ ಮೊದಲೇ ಅಲ್ಲಿಯ ಸರಕಾರದ ಅನುಮತಿ ಪಡೆಯಬೇಕು. ಜಪಾನಿನಲ್ಲಿ ನೆಗಡಿಯ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್‌ಗೂ ಕಟ್ಟುಪಾಡಿದೆ. ನೀವು ತೆಗೆದುಕೊಳ್ಳುವ ಮಾತ್ರೆ ಇಂಥದ್ದೇ ಎಂದು ಅನುಮಾನ ಬಂದರೆ ಆ ದೇಶದ ದೂತಾವಾಸವನ್ನು ಮೊದಲೇ ವಿಚಾರಿಸಿ.

ಉಳಿದಂತೆ ಚೀಲದಲ್ಲಿ ಇರಬೇಕಾದ್ದು: ಜ್ವರದ ಮಾತ್ರೆ, ಅಲರ್ಜಿಯ ಮಾತ್ರೆ, ಭೇದಿಗೆ ಓಆರ್‌ಎಸ್ ಪೊಟ್ಟಣ, ವಾಂತಿಯ ಮಾತ್ರೆ, ಗಾಯದ ಪಟ್ಟಿ, ಥರ್ಮಾಮೀಟರು, ಒಂದು ಪುಟ್ಟ ಅಮೃತಾಂಜನ. ಓಆರ್‌ಎಸ್ ಸಿಗದ ಕಡೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬಹುದು. ಇಲ್ಲಿ ಚಮಚವೆಂದರೆ ಚಹದ ಚಮಚ. ಡೆಂಗೆ ಇರುವ ದೇಶದಲ್ಲಿ, ಉದಾಹರಣೆಗೆ ಥಾಯ್ಲೆಂಡಿನಲ್ಲಿ, ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಪ್ಯಾರಸಿಟಮಾಲ್ ತೆಗೆದುಕೊಂಡು ವೈದ್ಯರನ್ನು ಕಾಣಿ.

ಗಸಗಸೆಯ ಗಂಡಾಂತರ

ಅಮ್ಮಂದಿರಿಗೆ ಗಂಟು ಕಟ್ಟುವುದೆಂದರೆ ಬಲು ಪ್ರೀತಿ. ಆ ಗಂಟನ್ನು ಒಮ್ಮೆ ನೀವೇ ಬಿಚ್ಚಿ ನೋಡಬೇಕು. ನಮ್ಮ ಗಸಗಸೆ ಪಾಯಸದ ಗಸಗಸೆ ಇದೆಯಲ್ಲ, ಅದು ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಗಳಲ್ಲಿ ಅದು ನಿಷಿದ್ಧ ವಸ್ತು. ಒಂದು ಹಿಡಿ ಗಸಗಸೆಗೂ ಜೈಲು ಕಾಣಬೇಕಾದೀತು. ಸಿಂಗಪುರಕ್ಕೂ ಒಯ್ಯಬಾರದು. ಮಸಾಲೆಪುಡಿಯಲ್ಲಿ ಗಸಗಸೆ ಹುರಿದು ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಗಲ್ಫಿಗೆ ಹೋಗುವವರು ಅಮ್ಮನನ್ನೋ ಅಜ್ಜಿಯನ್ನೋ ಕೇಳಿಯೇ ಪುಡಿ ಇಟ್ಟುಕೊಳ್ಳಿ.

ಒಣಕೊಬ್ಬರಿಯದು ಇನ್ನೊಂದು ಕಥೆ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮ ವಿಮಾನ ಭದ್ರತೆಯವರು 2022ರಲ್ಲಿ ಅದನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಾರದೆಂದು ನಿಷೇಧಿಸಿದರು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್‌ಬ್ಯಾಂಕ್ ಕೂಡ ಅದರಲ್ಲಿ ಸಲ್ಲದು, ಕೈಚೀಲದಲ್ಲಿ ಮಾತ್ರ. ಉಪ್ಪಿನಕಾಯಿಯದು ಇದಕ್ಕೆ ತಿರುಗುಮುರುಗು: ಅದನ್ನು ಭದ್ರವಾಗಿ ಮುಚ್ಚಿ ದೊಡ್ಡ ಸಾಮಾನಿನಲ್ಲೇ ಇಡಿ. ಆಸ್ಟ್ರೇಲಿಯಕ್ಕೆ ಹೋಗುವವರು ತಿನ್ನುವ ಪದಾರ್ಥ ಏನಿದ್ದರೂ ಇಳಿಯುವಾಗ ತುಂಬುವ ಕಾಗದದಲ್ಲಿ 'ಇದೆ' ಎಂದೇ ಬರೆಯಬೇಕು. ಹೇಳಿದರೆ ಹೆಚ್ಚೆಂದರೆ ಚೀಲದಿಂದ ತೆಗೆದು ಬಿಸಾಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ. ನೋಡಿದಿರಾ, ಎಲ್ಲಿ ಹೋದರೂ ಪಾಠ ಅದೇ!

ಕಷಾಯದ ಪುಡಿ, ಮೆಂತ್ಯದ ಪುಡಿ ಒಯ್ಯುವುದಿದ್ದರೆ ಹೆಸರು ಅಚ್ಚಾದ ಅಂಗಡಿಯ ಪೊಟ್ಟಣವೇ ವಾಸಿ. ಹೆಸರಿಲ್ಲದ ಬಿಳಿ, ಕಂದು ಪುಡಿಗಳನ್ನು ಕಂಡರೆ ಯಾವ ಅಧಿಕಾರಿಗಾದರೂ ಸಂಶಯ ಬರುವುದೇ.

ವಿಮಾನದಲ್ಲಿ, ಇಳಿದ ಮೇಲೆ

ಹಾರುತ್ತಿರುವ ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಂತೆ ತೆಳು, ಬಹಳ ಒಣ ಕೂಡ. ಆದ್ದರಿಂದ ನೀರು ಕುಡಿಯುತ್ತಿರಿ. ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಕಡೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ನಿದ್ದೆ ಎಷ್ಟೇ ಹಿತವಾಗಿದ್ದರೂ ಆಗಾಗ ಎದ್ದು ಓಡಾಡಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ.

ಇಳಿದ ಮೇಲೆ ನಡುಮಧ್ಯಾಹ್ನ ತೂಕಡಿಕೆ, ಅಪರಾತ್ರಿಯಲ್ಲಿ ಹಸಿವು. ಹೆದರಬೇಡಿ, ಅದು ಕಾಯಿಲೆಯಲ್ಲ. ನಮ್ಮ ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲದು. ಪಶ್ಚಿಮಕ್ಕೆ ಹೋಗುವಾಗಿನದಕ್ಕಿಂತ ಪೂರ್ವಕ್ಕೆ ಬರುವಾಗಿನದು ಕಷ್ಟ. ಹಗಲು ಬಿಸಿಲಿನಲ್ಲಿ ನಡೆದಾಡುವುದೇ ಅದಕ್ಕೆ ಮದ್ದು. ಬ್ರಿಟನ್ನಿನಂಥ ಕಡೆ ಚಳಿಗಾಲ ಕಳೆಯುವವರು ಇನ್ನೊಂದನ್ನು ನೆನಪಿಡಿ: ನಮ್ಮ ಮೈಬಣ್ಣದವರಿಗೆ ಅಲ್ಲಿಯ ಮಂಕು ಬಿಸಿಲಿನಿಂದ ಡಿ ಜೀವಸತ್ವ ಸಾಲದು. ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಿರೆಂದು ಅಲ್ಲಿಯ ಆರೋಗ್ಯ ಇಲಾಖೆಯೇ ಹೇಳುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಪ್ರಯಾಣದ ಆಯಾಸ, ಹವಾಮಾನ, ನಿದ್ದೆಗೇಡು ಇವುಗಳಿಂದ ತಿಂಗಳ ಲೆಕ್ಕ ಏರುಪೇರಾಗುವುದುಂಟು. ಒಂದು ತಿಂಗಳಿಗೆ ಬೇಕಾಗುವಷ್ಟು ನಿಮಗೆ ಒಗ್ಗಿದ ಪ್ಯಾಡುಗಳನ್ನು ಇಲ್ಲಿಂದಲೇ ಒಯ್ಯಿರಿ, ಎರಡನ್ನು ಕೈಚೀಲದಲ್ಲಿಡಿ. ಹೊಟ್ಟೆನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಕೇಳಲು ನಾಚಿಕೊಳ್ಳಬೇಡಿ. ನಮ್ಮ ಕಾಲದ ಗುಟ್ಟುಗಳು ನಿಮ್ಮ ಚೀಲಕ್ಕೆ ಭಾರ, ಅವನ್ನು ಇಲ್ಲೇ ಬಿಟ್ಟು ಹೋಗಿ.

ವಿಮೆ ಎಂಬ ಛತ್ರಿ

ಯೂರೋಪಿನ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಓದಲು ಹೋಗುವವರು ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ಅದನ್ನು ವರ್ಷಕ್ಕೆ 776 ಪೌಂಡಿಗೆ ಏರಿಸಿದರು. ಕಟ್ಟಿದವರಿಗೆ ಅಲ್ಲಿಯ ಸರಕಾರಿ ವೈದ್ಯಸೇವೆ ಸಿಗುತ್ತದೆ. ಹೋದ ವಾರದಲ್ಲೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಜ್ವರ ಬಂದ ಮೇಲೆ ನೋಂದಾಯಿಸಲು ಹೊರಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಅಮೆರಿಕಕ್ಕಂತೂ ವಿಮೆಯಿಲ್ಲದೆ ಕಾಲಿಡಲೇಬೇಡಿ.

ಅರ್ಜಿ ತುಂಬುವಾಗ ನಾಲ್ಕು ವಿಷಯ ನೋಡಿ. ಹಳೆಯ ಕಾಯಿಲೆಗೆ ಏನು ನಿಯಮ? ಆಸ್ಪತ್ರೆಗೆ ಅವರೇ ನೇರವಾಗಿ ಹಣ ಕೊಡುತ್ತಾರೋ, ನಾವು ಕಟ್ಟಿ ಆಮೇಲೆ ಕೇಳಬೇಕೋ? ಪ್ರತಿ ಸಲ ನಮ್ಮ ಕೈಯಿಂದ ಹೋಗುವ ಮೊದಲ ಪಾಲು ಎಷ್ಟು? ದಿನದ ಇಪ್ಪತ್ತನಾಲ್ಕು ತಾಸೂ ಕರೆಗೆ ಸಿಗುವ ಫೋನು ಸಂಖ್ಯೆ ಯಾವುದು? ಉಬ್ಬಸ, ಸಕ್ಕರೆ ಕಾಯಿಲೆ, ಫಿಟ್ಸ್, ಹಿಂದೆ ಆದ ಆಪರೇಶನ್, ಖಿನ್ನತೆಗೆ ತೆಗೆದುಕೊಂಡ ಮದ್ದು, ಏನಿದ್ದರೂ ಬರೆಯಿರಿ. ಬರೆದಿದ್ದರೆ ನಮಗೆ ಪ್ರೀಮಿಯಂ ಸ್ವಲ್ಪ ಏರುತ್ತಿತ್ತು. ಆ ಕಂಪನಿ ಒಪ್ಪದಿದ್ದರೆ ಒಪ್ಪುವ ಇನ್ನೊಂದನ್ನು ಹುಡುಕುತ್ತಿದ್ದೆವು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ನಾನು ತೆತ್ತ ಬೆಲೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಯಾರಾದರೂ ನನ್ನಂತೆ "ಸುಮ್ಮನೆ ಇಲ್ಲ ಅಂತ ಬರಿ" ಎಂದರೆ, ಈ ಲೇಖನವನ್ನು ಅವರ ಮುಂದೆ ಹಿಡಿಯಿರಿ.

ತುರ್ತು ಸಂಖ್ಯೆಗಳು ಕಂಠಪಾಠವಿರಲಿ. ಯೂರೋಪು 112, ಅಮೆರಿಕ 911, ಬ್ರಿಟನ್ 999, ಆಸ್ಟ್ರೇಲಿಯ 000.

ದುಡ್ಡಿನ ಚೀಲ

ನನ್ನ ಸೋದರಮಾವ 1971ರಲ್ಲಿ ಓದಲು ಅಮೆರಿಕಕ್ಕೆ ಹೋದಾಗ ಸರಕಾರ ಕೊಟ್ಟ ವಿದೇಶಿ ಹಣ ಬರೀ ಎಂಟು ಡಾಲರು. ಅದರಲ್ಲಿ ಎರಡನ್ನು ದಾರಿಯಲ್ಲಿ ಕಾಫಿ ತಿಂಡಿಗೆ ಖರ್ಚು ಮಾಡಿದೆನೆಂದು ಕೊನೆಯವರೆಗೂ ಪೇಚಾಡುತ್ತಿದ್ದರು. ಆ ಬಿಗಿ ಕಾನೂನು ಹೋಗಿ 2000ದ ಜೂನ್‌ನಿಂದ ಹೊಸದು ಬಂತು. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರ ಯೋಜನೆಯೊಂದನ್ನು ತಂದಿತು. ಅದರ ಮಿತಿ ಬೆಳೆದು ಬೆಳೆದು ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗೆ ಮುಟ್ಟಿದೆ. ನಿಮ್ಮ ಕೊರತೆ ಈಗ ಡಾಲರಿನದಲ್ಲ, ಅದನ್ನು ಎಲ್ಲಿ ಹೇಗೆ ಇಡಬೇಕೆಂಬ ತಿಳಿವಳಿಕೆಯದು.

ನನ್ನ ಸೂತ್ರ ಸರಳ: ಹಣ ಮೂರು ಕಡೆ ಇರಲಿ. ಸ್ವಲ್ಪ ನೋಟು, ಹೆಚ್ಚಿನದು ಫಾರೆಕ್ಸ್ ಕಾರ್ಡು, ಆಪತ್ತಿಗೆ ಒಂದು ಕ್ರೆಡಿಟ್ ಕಾರ್ಡು. ಮೂರನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಬುಟ್ಟಿ ಬಿದ್ದರೆ ಮೊಟ್ಟೆಯೆಲ್ಲ ಹೋಯಿತು.

ನೋಟುಗಳನ್ನು ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರಿನ ತನಕ ಒಯ್ಯಬಹುದು. ಮೊದಲ ಮೂರು ನಾಲ್ಕು ದಿನಕ್ಕೆ ಸಾಕಾಗುವಷ್ಟು ಒಯ್ದರೆ ಸಾಕು. ಸಣ್ಣ ಮೊತ್ತದ ನೋಟುಗಳನ್ನು ಕೇಳಿ ಪಡೆಯಿರಿ. ಬ್ಯಾಂಕಿನಲ್ಲೋ ಅಧಿಕೃತ ವಿನಿಮಯದವರಲ್ಲೋ ಕೊಂಡು ರಸೀತಿ ಇಟ್ಟುಕೊಳ್ಳಿ. 50,000 ರೂಪಾಯಿಗೆ ಮೀರಿದ್ದನ್ನು ನಗದು ಕೊಟ್ಟು ಕೊಳ್ಳುವಂತಿಲ್ಲ, ಚೆಕ್ಕು ಅಥವಾ ಕಾರ್ಡು ಬೇಕು. ವಿಮಾನ ನಿಲ್ದಾಣದ ಕೌಂಟರಿಗಾಗಿ ಕಾಯಬೇಡಿ, ಅಲ್ಲಿಯ ದರ ಸಾಮಾನ್ಯವಾಗಿ ದುಬಾರಿ. ನಮ್ಮ ರೂಪಾಯಿಯನ್ನು 25,000ದ ತನಕ ಜೊತೆಗಿಟ್ಟುಕೊಳ್ಳಬಹುದು. ಮರಳಿ ಬಂದು ಟ್ಯಾಕ್ಸಿ ಹಿಡಿಯಲು ಬೇಕಲ್ಲ!

ಕ್ರೆಡಿಟ್ ಕಾರ್ಡಿಗೆ ಪರದೇಶದಲ್ಲಿ ಬಹಳಷ್ಟು ಬ್ಯಾಂಕುಗಳು ಶೇಕಡ 3.5ರ ತನಕ ಹೆಚ್ಚುವರಿ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ. ಲೆಕ್ಕ ಸುಲಭವಾಗಲೆಂದು ಒಂದು ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ, 200 ಯೂರೋ ಖರ್ಚಿಗೆ 700 ರೂಪಾಯಿ ಹೀಗೇ ಸೋರಿಹೋಗುತ್ತದೆ. ಆದ್ದರಿಂದ ಅದು ಆಪತ್ತಿಗೆ ಮಾತ್ರ. ಇನ್ನೊಂದು ಸೂಕ್ಷ್ಮ: 2020ರ ಅಕ್ಟೋಬರಿನಿಂದ ಬ್ಯಾಂಕುಗಳು ಕಾರ್ಡು ಕೊಡುವಾಗ ದೇಶದೊಳಗಿನ ಬಳಕೆಯನ್ನು ಮಾತ್ರ ತೆರೆದಿಡುತ್ತವೆ. ಪರದೇಶದ ಬಳಕೆಯನ್ನು ನೀವೇ ಬ್ಯಾಂಕಿನ ಆ್ಯಪಿನಲ್ಲಿ ಚಾಲೂ ಮಾಡಬೇಕು. ಇದನ್ನು ಹೊರಡುವ ಮೊದಲೇ ಮಾಡಿ. ಓಟಿಪಿ ಬರುವುದು ನಿಮ್ಮ ಇಲ್ಲಿಯ ನಂಬರಿಗೆ. ಆ ಸಿಮ್ ತೆಗೆದು ಬಿಸಾಡಬೇಡಿ, ರೋಮಿಂಗ್ ಚಾಲೂ ಇರಲಿ.

ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡು ಒತ್ತಿದಾಗ ಯಂತ್ರ ಬಲು ನಯವಾಗಿ ಕೇಳುತ್ತದೆ: ರೂಪಾಯಿಯಲ್ಲಿ ಕೊಡುವಿರೋ, ಯೂರೋದಲ್ಲೋ? ರೂಪಾಯಿ ಎಂಬ ಪರಿಚಿತ ಹೆಸರು ಕಂಡು ಮರುಳಾಗಬೇಡಿ. ರೂಪಾಯಿ ಎಂದೊತ್ತಿದರೆ ಅವರ ಮನಸ್ಸಿಗೆ ಬಂದ ದರ ಬೀಳುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಎಟಿಎಮ್‌ನಿಂದ ಹಣ ತೆಗೆಯುವಾಗ ಪ್ರತಿ ಸಲಕ್ಕೂ ಶುಲ್ಕ ಇರುತ್ತದೆ, ಚಿಲ್ಲರೆ ಚಿಲ್ಲರೆಯಾಗಿ ಹತ್ತು ಸಲ ತೆಗೆಯಬೇಡಿ. ಸಿಂಗಪುರ, ದುಬೈ, ಮಾರಿಷಸ್, ಶ್ರೀಲಂಕಾಗಳ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ 2024ರಲ್ಲೇ ಬಂದಿತು. ಆದರೆ ಅದೊಂದನ್ನೇ ನಂಬಿ ಹೊರಡಬೇಡಿ.

ಅಪ್ಪಂದಿರು ಓದಬೇಕಾದ ಒಂದು ಸಾಲು: 2025ರ ಏಪ್ರಿಲ್‌ನಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ವಿದೇಶಿ ರವಾನೆಗೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ. ಅದು ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆಯ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಕೈಯಲ್ಲಿ ಅಷ್ಟು ಹಣ ಆ ಹೊತ್ತಿಗೆ ಇರಬೇಕು. ಮರಳಿದ ಮೇಲೆ ಉಳಿದ ನೋಟುಗಳಲ್ಲಿ 2,000 ಡಾಲರಿನ ತನಕ ಇಟ್ಟುಕೊಳ್ಳಬಹುದು, ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೆ ಮರಳಿಸಬೇಕು.

ರೂಪಾಯಿಗೆ ಗುಣಿಸುವ ರೋಗ

ಇದಕ್ಕೆ ಯಾವ ಚುಚ್ಚುಮದ್ದೂ ಇಲ್ಲ. ಮೊದಲ ಸಲ ಹೋದವರಲ್ಲಿ ಎರಡು ಬಗೆ. ಒಂದು ಬಗೆಯವರು ಮೂರು ಯೂರೋದ ಕಾಫಿ ಕಂಡು 'ಅಯ್ಯೋ, ಮುನ್ನೂರು ರೂಪಾಯಿ!' ಎಂದು ಉಪವಾಸ ಬೀಳುತ್ತಾರೆ. ಇನ್ನೊಂದು ಬಗೆಯವರು ಬರೀ ಮೂರಲ್ಲವೇ ಎಂದು ದಿನಕ್ಕೆ ಐದು ಸಲ ಕುಡಿಯುತ್ತಾರೆ. ಎರಡೂ ಕೂಡದು. ಇರುವ ಹಣದಲ್ಲಿ ಐದನೆಯ ಒಂದು ಪಾಲನ್ನು ಆಪತ್ತಿಗೆಂದು ಮುಟ್ಟದೆ ತೆಗೆದಿಡಿ. ಉಳಿದುದನ್ನು ದಿನಗಳಿಂದ ಭಾಗಿಸಿ. ಬಂದದ್ದು ನಿಮ್ಮ ಒಂದು ದಿನದ ಹಾಸಿಗೆ, ಅದರಷ್ಟೇ ಕಾಲು ಚಾಚಿ. ಅಕ್ಕಿ, ಬೇಳೆ, ಮೊಸರು ಈಗ ಎಲ್ಲ ದೊಡ್ಡ ಊರುಗಳಲ್ಲೂ ಸಿಗುತ್ತವೆ. ಅನ್ನ, ತಿಳಿಸಾರು, ಒಂದು ಪಲ್ಯ ಮಾಡಲು ಹೋಗುವ ಮುನ್ನ ಕಲಿತರೆ ಆರೋಗ್ಯಕ್ಕೂ ಹಣಕ್ಕೂ ಒಂದೇ ಮದ್ದು. ಗಂಡುಮಕ್ಕಳಿಗೂ ಇದೇ ಮಾತು, ನೆನಪಿರಲಿ.

ಕೊನೆಗೆ, ಫೋನಿನಲ್ಲಿ ಹೇಳಬೇಕಾದ್ದು

ಪಾಸ್‌ಪೋರ್ಟು, ವೀಸಾ, ವಿಮೆ, ವೈದ್ಯರ ಚೀಟಿ ಇವುಗಳ ಒಂದು ಪ್ರತಿ ಮನೆಯಲ್ಲಿರಲಿ, ಒಂದು ನಿಮ್ಮ ಕೈಯಲ್ಲಿ. ಅಲ್ಲಿ ನಿಮ್ಮ ಹತ್ತಿರವಿರುವ ಒಬ್ಬರ ಫೋನು ನಂಬರು ಮನೆಯವರಿಗೆ ಗೊತ್ತಿರಲಿ. ಯಾವ ದೇಶಕ್ಕೆ ಹೋದರೂ ಅಲ್ಲೊಂದು ಕನ್ನಡ ಕೂಟ ಇದೆಯೋ ಎಂದು ವಿಚಾರಿಸಿ. ಈ ಊರಿನಲ್ಲಿ ನಮ್ಮ ತಂದೆ ತಾಯಿ ವಯಸ್ಸಿನವರು ಬಂದಿಳಿದಾಗ ಅವರಿಗೆ ಮೊದಲು ಬಾಡಿಗೆ ಕೋಣೆ ತೋರಿಸಿದವರು, ಜ್ವರ ಬಂದಾಗ ಗಂಜಿ ಕೊಟ್ಟವರು ಇಂಥ ಸಂಘಗಳ ಜನರೇ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಅಲ್ಲಿಂದ ಫೋನು ಮಾಡಿದಾಗ 'ಚೆನ್ನಾಗಿದ್ದೀನಿ' ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ. ನಮ್ಮ ಮನೆಯಲ್ಲಿ ಆ ಯುಗಾದಿಯ ನಂತರ ಒಂದು ಒಪ್ಪಂದವಾಯಿತು. ಮಗ ಎಲ್ಲಿಗೇ ಹೋಗಲಿ, ಭಾನುವಾರದ ಫೋನಿನಲ್ಲಿ ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ ಎರಡನ್ನೂ ಹೇಳಬೇಕು. ನಾನು ಅಳಬಾರದು, ಬೈಯಬಾರದು, ಕೇಳಿಸಿಕೊಳ್ಳಬೇಕು. ಅವನು ಆಮೇಲೆ ಎರಡು ಸಲ ಪರದೇಶಕ್ಕೆ ಹೋಗಿ ಬಂದ. ಕೆಟ್ಟ ಸುದ್ದಿಗಳು ಬಂದವು. ಬಸ್ಸಿನಲ್ಲಿ ಮೊಬೈಲು ಕಳೆದದ್ದು, ಮೇಲಧಿಕಾರಿ ಗದರಿದ್ದು, ಒಂದು ಸಂಜೆ ಯಾಕೋ ಸುಮ್ಮನೆ ಅಳು ಬಂದದ್ದು. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ. ಆದರೆ ಏನೂ ತಿಳಿಯದೆ ಸೊಂಪಾಗಿ ಮಲಗಿದ್ದ ಆ ಆರು ವಾರಗಳ ನಿದ್ದೆಗಿಂತ ಈ ಎಚ್ಚರವೇ ನನಗೆ ಹಿತವಾಗಿತ್ತು.

ಅಂದಹಾಗೆ, ಮಗನಿಗೆ ಮದುವೆಯಾಗಿದೆ. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಅವನು, "ನನಗೆ ಅಸ್ತಮಾ ಇದೆ" ಎಂದುಬಿಟ್ಟ. ಹುಡುಗಿ, "ನಮ್ಮಪ್ಪನಿಗೂ ಇದೆ, ಪಂಪು ಎಲ್ಲಿ ಇಟ್ಟುಕೊಳ್ತೀರಿ?" ಎಂದು ಕೇಳಿದಳು. ಅವನು ಜೇಬು ತಟ್ಟಿ ತೋರಿಸಿದ.

ಹೋಗಿ ಬನ್ನಿ ಮಕ್ಕಳೇ. ಶುಭವಾಗಲಿ. ಮದ್ದು ಕೈಚೀಲದಲ್ಲಿರಲಿ.